ಒಂಬತ್ತನೆಯವಳು

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಬ್ರೇಕ್ ರೂಮಿನ ಗೋಡೆಗೆ ಮುಂದಿನ ವಾರದ ಡ್ಯೂಟಿ ಪಟ್ಟಿ ಅಂಟಿಸುತ್ತಾರೆ. ಇಪ್ಪತ್ತಾರು ವರ್ಷದಿಂದ ನೋಡುತ್ತಿದ್ದೇನೆ, ಎರಡು ಹೊಡೆದ ಕೂಡಲೇ ಅಂಗಡಿಯಲ್ಲಿ ಎಲ್ಲರಿಗೂ ಒಟ್ಟಿಗೇ ಬಾಯಾರಿಕೆಯಾಗುತ್ತದೆ. ಕುಡಿಯುವ ನೀರಿನ ಯಂತ್ರ ಇರುವುದು ಪಟ್ಟಿಯ ಪಕ್ಕದಲ್ಲಿ. ಆ ಗುರುವಾರ ನಾನೂ ಲೋಟ ಹಿಡಿದುಕೊಂಡು ಹೋದೆ. ಡೊರೀನ್ ಕನೆಶಿರೋ, ಬಿಲ್ಲಿಂಗ್ ಕೌಂಟರ್, ಹತ್ತೊಂಬತ್ತು ಗಂಟೆ.

ಹಿಂದಿನ ವಾರ ಇಪ್ಪತ್ತೆಂಟು ಇತ್ತು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ನೋಡಿದೆ. ಹತ್ತೊಂಬತ್ತೇ.

ವಾರಕ್ಕೆ ಇಪ್ಪತ್ತು ಗಂಟೆ ದುಡಿದವರಿಗೆ ಕಂಪನಿ ಆರೋಗ್ಯ ವಿಮೆ ಕೊಡಬೇಕು. ನಾಲ್ಕು ವಾರ ಬಿಡದೆ ಅದಕ್ಕಿಂತ ಕೆಳಗೆ ಬಿದ್ದರೆ ಕೊಡಬೇಕಾಗಿಲ್ಲ. ನನ್ನ ವಿಮೆಯಲ್ಲಿ ನನ್ನ ಗಂಡ ಮಿಲ್ಟನ್ ಇದ್ದಾನೆ. ಎರಡು ವರ್ಷದ ಹಿಂದೆ ಅವನಿಗೆ ಪಾರ್ಶ್ವವಾಯು ಬಡಿದು ಬಲಗೈಯೂ ಹೋಯಿತು, ಮಾತೂ ಹೋಯಿತು. ಅವನನ್ನು ನೋಡಿಕೊಳ್ಳಲೆಂದೇ ನಾನು ಪೂರ್ಣಾವಧಿ ಕೆಲಸ ಬಿಟ್ಟು ಅರೆಕಾಲಿಕಕ್ಕೆ ಇಳಿದದ್ದು. ಕೈ ಬರಲಿಲ್ಲ. ಮಾತು ಬರುತ್ತಿದೆ. ವಾರಕ್ಕೆ ಎರಡು ಸಲ ಆಸ್ಪತ್ರೆಯಲ್ಲಿ ಒಬ್ಬಳು ಅವನಿಗೆ ಮಾತು ಕಲಿಸುತ್ತಾಳೆ, ಅದರ ಖರ್ಚೆಲ್ಲ ವಿಮೆಯದು. ಇಲ್ಲಿಯವರೆಗೆ ಅರವತ್ತು ಪದ ಬಂದಿವೆ. ಅದರಲ್ಲಿ ನಮ್ಮ ನಾಯಿಯ ಹೆಸರಿದೆ, ನನ್ನದಿಲ್ಲ. ಮೂವತ್ತೇಳು ವರ್ಷ ಸಂಸಾರ ಮಾಡಿದ್ದಕ್ಕೆ ಇದು ಸಿಕ್ಕಿತು ಅಂತ ಅವನನ್ನು ರೇಗಿಸುತ್ತೇನೆ. ಎಡಗಡೆಯ ಅರ್ಧ ಬಾಯಿಂದ ನಗುತ್ತಾನೆ. ಆ ಪಾಠ ನಿಂತರೆ ಅವನು ಅರವತ್ತು ಪದದಲ್ಲೇ ಉಳಿಯುತ್ತಾನೆ.

"ಆಂಟಿ, ನಂಗೂ ಹತ್ತೊಂಬತ್ತೇ," ಅಂದ ಕವಿಕಾ, ಹಿಂದಿನಿಂದ. ಮಾಂಸದ ವಿಭಾಗದಲ್ಲಿ ಕತ್ತರಿಸುವ ಕೆಲಸ ಅವನದು. ಬಾಗಿಲಿಗೆ ಅಡ್ಡ ನಿಂತರೆ ಕೋಣೆಗೆ ಬೆಳಕು ಬರುವುದಿಲ್ಲ, ಅಂಥ ಆಳು. ನಮ್ಮ ಅಂಗಡಿಯಲ್ಲಿ ಯೂನಿಯನ್ನಿನ ಮುಂದಾಳು ಅವನೇ.

ಇಬ್ಬರೂ ಬೆರಳಿಟ್ಟು ಪಟ್ಟಿ ಓದಿದೆವು. ನಲವತ್ತೇಳು ಜನರಲ್ಲಿ ಎಂಟು ಜನರ ಹೆಸರಿನ ಮುಂದೆ ಹತ್ತೊಂಬತ್ತು.

"ಭಾನುವಾರ ನಿಮ್ಮನೇಲಿ ಎಷ್ಟು ಜನ ಇದ್ವಿ?" ಅಂತ ಪಿಸುಗುಟ್ಟಿದೆ.

"ಒಂಬತ್ತು."

ಬೇಕರಿಯ ಸಾಲಿಗೆ ನಮ್ಮಿಬ್ಬರ ಬೆರಳೂ ಒಟ್ಟಿಗೇ ಹೋಯಿತು. ಭಾನುವಾರದ ಒಂಬತ್ತನೆಯವಳು, ಪುರಿತಾ ಅಗ್ಬಯಾನಿ, ಮೂವತ್ತೆರಡು ಗಂಟೆ. ಒಂದು ನಿಮಿಷವೂ ಕಡಿಮೆಯಾಗಿರಲಿಲ್ಲ.

ಕಂಪನಿಗೂ ಯೂನಿಯನ್ನಿಗೂ ಇದ್ದ ಹಳೆಯ ಒಪ್ಪಂದ ಮಾರ್ಚಿನಲ್ಲೇ ಮುಗಿದಿತ್ತು. ಹೊಸದರ ಮಾತುಕತೆ ಹೊನೊಲುಲುವಿನ ಹೋಟೆಲಿನಲ್ಲಿ ಐದು ತಿಂಗಳಿಂದ ನಡೆಯುತ್ತಿತ್ತು. ಯಾರಿಗೂ ವಾರಕ್ಕೆ ಇಪ್ಪತ್ತನಾಲ್ಕು ಗಂಟೆಗಿಂತ ಕಡಿಮೆ ಕೊಡುವುದಿಲ್ಲ ಅಂತ ಬರೆದುಕೊಡಿ ಅನ್ನುವುದು ನಮ್ಮ ಮುಖ್ಯ ಬೇಡಿಕೆ. ಕಂಪನಿಯವರು ಕಾಫಿ ಕುಡಿದು, ನೋಡೋಣ ಅಂದು, ಎದ್ದು ಹೋಗುತ್ತಿದ್ದರು. ಮುಷ್ಕರ ಬೇಕೋ ಬೇಡವೋ ಅಂತ ವೋಟು ಹಾಕುವ ದಿನ ಹತ್ತಿರ ಬಂದಿತ್ತು. ಯಾರು ಯಾರ ಜೊತೆ ಮಾತಾಡಿ ಒಪ್ಪಿಸಬೇಕು ಅಂತ ಹಂಚಿಕೊಳ್ಳಲು ಆ ಭಾನುವಾರ ನಾವು ಒಂಬತ್ತು ಜನ ಕವಿಕಾನ ಮನೆಯಲ್ಲಿ ಗುಟ್ಟಾಗಿ ಸೇರಿದ್ದೆವು. ಎಷ್ಟು ಗುಟ್ಟು ಅಂದರೆ, ಹಿಲೊದಂಥ ಸಣ್ಣ ದ್ವೀಪದ ಊರಿನಲ್ಲಿ ಯಾರ ಕಾರು ಯಾರ ಮನೆಯ ಮುಂದಿದೆ ಅನ್ನುವುದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ ಅಂತ, ಕಾರುಗಳನ್ನು ಅರ್ಧ ಮೈಲಿ ಆಚೆ ಬೇಸ್‌ಬಾಲ್ ಮೈದಾನದ ಹತ್ತಿರ ನಿಲ್ಲಿಸಿ ನಡೆದು ಬಂದಿದ್ದೆವು. ಫೋನುಗಳನ್ನು ಕವಿಕಾ ಐಸ್ ಪೆಟ್ಟಿಗೆಗೆ ಹಾಕಿ ಮುಚ್ಚಿದ್ದ. ಕಿಟಕಿಗಳಿಗೆಲ್ಲ ಪರದೆ. ಇಷ್ಟೆಲ್ಲ ಮಾಡಿದ ಮೇಲೂ ಸುದ್ದಿ ಹೊರಗೆ ಹೋಗಿದೆ ಅಂದರೆ ಒಳಗಿದ್ದವರೇ ಯಾರೋ ಒಯ್ದಿರಬೇಕು.

"ಗ್ಲೆನ್‌ನ ಹೆಂಡ್ತಿ ಯಾರು ಹೇಳು?" ಅಂದೆ ಕವಿಕಾಗೆ.

ಪಟ್ಟಿ ಮಾಡುವವನು ಸಹಾಯಕ ಮ್ಯಾನೇಜರ್ ಗ್ಲೆನ್. ದೊಡ್ಡ ಮ್ಯಾನೇಜರುಗಳು ಸಮುದ್ರದಾಚೆ ಮುಖ್ಯಭೂಮಿಯಿಂದ ಮೂರು ವರ್ಷಕ್ಕೊಬ್ಬರು ಬಂದು ಮೈ ಕೆಂಪಗೆ ಸುಟ್ಟುಕೊಂಡು ವಾಪಸು ಹೋಗುತ್ತಾರೆ. ಗ್ಲೆನ್ ನಮ್ಮೂರವನು, ನಮ್ಮ ಜೊತೆಯಲ್ಲೇ ಚೀಲಕ್ಕೆ ಸಾಮಾನು ತುಂಬುತ್ತಾ ಮೇಲೆ ಬಂದವನು, ಈಗ ಇಸ್ತ್ರಿ ಮಾಡಿದ ಹೂವಿನ ಅಂಗಿ ಹಾಕಿಕೊಂಡು ನಮ್ಮ ಗಂಟೆ ಕತ್ತರಿಸುತ್ತಾನೆ.

"ಪುರಿತಾ ಆಂಟಿ ತಮ್ಮನ ಮಗಳು," ಅಂದ ಕವಿಕಾ. "ಆದ್ರೂ ಆಂಟಿ, ಪುರಿತಾ ಆಂಟಿ ಹಾಗಲ್ಲ."

"ಯಾರೂ ಹಾಗಲ್ಲ ಮಾರಾಯ. ಪಟ್ಟಿ ತಾನೇ ಬರ್ಕೊಂಡು ಗೋಡೆ ಹತ್ತಿತಾ?"

ಅಷ್ಟೇ ನಾನು ಹೇಳಿದ್ದು. ಆಮೇಲೆ ಮೀನಿನ ವಿಭಾಗದ ವರ್ನಾಗೂ ಅಷ್ಟೇ ಹೇಳಿದೆ. ತರಕಾರಿ ಜೋಡಿಸುವ ಒಶಿತಾಗೆ ಸ್ವಲ್ಪ ಹೆಚ್ಚು ಹೇಳಿದೆ. ಅನುಮಾನ ನನಗೆ ಹುಟ್ಟಿನಿಂದ ಬಂದದ್ದು. ಇಪ್ಪತ್ತಾರು ವರ್ಷ ಕೌಂಟರಿನಲ್ಲಿ ನಿಂತು ಅದು ಇನ್ನಷ್ಟು ಬಲಿತಿದೆ. ಗಾಡಿಯಲ್ಲಿ ಏನೇನಿದೆ ನೋಡಿದರೆ ಸಾಕು, ಯಾರ ಮನೆಯಲ್ಲಿ ಯಾರು ಮಾತು ಬಿಟ್ಟಿದ್ದಾರೆ ಅಂತ ಹೇಳಬಲ್ಲೆ. ಹತ್ತರಲ್ಲಿ ಎಂಟು ಸಲ ಸರಿಯಾಗಿರುತ್ತದೆ. ಉಳಿದ ಎರಡರ ಬಗ್ಗೆ ನಾನು ಯಾವತ್ತೂ ತಲೆ ಕೆಡಿಸಿಕೊಂಡಿರಲಿಲ್ಲ.

ಮರುದಿನ ಶುಕ್ರವಾರ. ಶುಕ್ರವಾರ ಯಾರಾದರೂ ಬ್ರೇಕ್ ರೂಮಿಗೆ ತಿಂಡಿ ತರುವುದು ನಮ್ಮ ರೂಢಿ, ಆ ವಾರ ಪುರಿತಾಳ ಸರದಿ. ದೊಡ್ಡ ತಗಡಿನ ತಟ್ಟೆಯ ತುಂಬ ಪನ್ಸಿತ್ ತಂದಿದ್ದಳು. ಸಣ್ಣ ಶಾವಿಗೆ, ಸೀಗಡಿ, ಕೋಸು, ಮೇಲೆ ಹೆಚ್ಚಿದ ನಿಂಬೆಹಣ್ಣು. ಬೇರೆ ದಿನವಾದರೆ ಹನ್ನೆರಡಕ್ಕೆ ಇಟ್ಟ ತಟ್ಟೆಯಲ್ಲಿ ಹನ್ನೆರಡೂಕಾಲಿಗೆ ನಿಂಬೆಯ ಸಿಪ್ಪೆ ಮಾತ್ರ ಇರುತ್ತಿತ್ತು. ಅವತ್ತು ಮೂರು ಗಂಟೆಗೆ ಹೋದರೂ ಮೇಲಿನ ಹಾಳೆಯನ್ನೇ ಯಾರೂ ಬಿಚ್ಚಿರಲಿಲ್ಲ. ವರ್ನಾ ಮೂಲೆಯಲ್ಲಿ ಕುಳಿತು ಯಂತ್ರದಿಂದ ಕೊಂಡ ಒಣ ಬಿಸ್ಕತ್ತು ಕಡಿಯುತ್ತಿದ್ದಳು. ಕಣ್ಣು ಮಾತ್ರ ತಟ್ಟೆಯ ಮೇಲಿತ್ತು, ಪಾಪ.

ನಾಲ್ಕಕ್ಕೆ ಪುರಿತಾ ಹಿಟ್ಟಿನ ಏಪ್ರನ್ನಿನಲ್ಲೇ ನನ್ನ ಕೌಂಟರಿಗೆ ಬಂದಳು. ನನಗಿಂತ ಐದು ವರ್ಷ ದೊಡ್ಡವಳು, ಎತ್ತರದಲ್ಲಿ ನನ್ನ ಭುಜಕ್ಕೆ ಬರುತ್ತಾಳೆ. ಹತ್ತೊಂಬತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೇವೆ. ಮಿಲ್ಟನ್ ಆಸ್ಪತ್ರೆಯಲ್ಲಿದ್ದ ಇಪ್ಪತ್ತು ದಿನವೂ ನನ್ನ ಮನೆಗೆ ಊಟ ಕಳಿಸಿದವಳು ಅವಳೇ.

"ಡೊರೀನ್, ಶಾವಿಗೆ ಹಳಸಿತ್ತಾ?"

"ನಂಗೆ ಹಸಿವಿರ್ಲಿಲ್ಲ."

"ಇಡೀ ಅಂಗ್ಡಿಗೇ ಹಸಿವಿರ್ಲಿಲ್ವಾ?"

ಹಾಲಿನ ಡಬ್ಬಿ ತೋರಿಸಿ ನಿಂತಿದ್ದ ಗಿರಾಕಿಯನ್ನು ಕಾಯಿಸಿದೆ. "ನಿನ್ನ ಗಂಟೆ ಕಮ್ಮಿ ಆಗಿಲ್ವಲ್ಲ ಪುರಿತಾ. ಅದು ಹೇಗೆ ಅಂತ ಎಲ್ರೂ ಯೋಚಿಸ್ತಾ ಇದಾರೆ. ಯೋಚ್ನೆ ಮಾಡುವಾಗ ಗಂಟಲಲ್ಲಿ ಇಳಿಯಲ್ಲ ನೋಡು."

ಅವಳು ನನ್ನ ಮುಖವನ್ನೇ ನೋಡಿದಳು. "ಎಲ್ರೂ ಯೋಚಿಸ್ತಾ ಇದಾರೋ, ನೀನೊಬ್ಳು ಯೋಚಿಸಿ ಎಲ್ರಿಗೂ ಹಂಚಿದ್ಯೋ?" ಅಂದಳು. ಉತ್ತರಕ್ಕೆ ಕಾಯಲಿಲ್ಲ. ತುಂಬಿದ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಹಿಂದಿನ ಬಾಗಿಲಿನಿಂದ ಹೋದದ್ದನ್ನು ಆಮೇಲೆ ಕವಿಕಾ ನೋಡಿದನಂತೆ.

ಅವತ್ತೂ ಶನಿವಾರವೂ ಅಂಗಡಿಯಲ್ಲಿ ಯಾರೂ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಇಬ್ಬರು ಮಾತಾಡುತ್ತಿದ್ದಲ್ಲಿಗೆ ಮೂರನೆಯವರು ಹೋದರೆ ಹವಾಮಾನದ ಸುದ್ದಿ ಶುರುವಾಗುತ್ತಿತ್ತು. ಒಶಿತಾ ಭಾನುವಾರ ಎರಡು ಸಲ ಬಾತ್‌ರೂಮಿಗೆ ಹೋಗಿದ್ದು ಯಾಕೆ ಅಂತ ವರ್ನಾ ನನ್ನನ್ನು ಕೇಳಿದಳು. ವರ್ನಾಳಿಗೆ ಹೊಸ ಫೋನು ಎಲ್ಲಿಂದ ಬಂತು ಅಂತ ಒಶಿತಾ ಕೇಳಿದ. ಬೇಕರಿಯ ಹನ್ನೊಂದು ಹೆಂಗಸರೂ ಪುರಿತಾಳ ಬೆನ್ನಿಗಿದ್ದರು. ತಮ್ಮ ಮೂಲ ಊರಿನ ಮಾತಿನಲ್ಲಿ ಅವಳನ್ನು ಮನಾಂಗ್ ಅನ್ನುತ್ತಾರೆ, ಅಕ್ಕ ಅಂತ. ಅಕ್ಕನಿಗೆ ಆದ ಅವಮಾನ ಅವರಿಗೂ ಆದದ್ದೇ. ನಾನು ಬ್ರೆಡ್ಡಿನ ಕಪಾಟಿನ ಹತ್ತಿರ ಹೋದರೆ ಹನ್ನೊಂದೂ ಬೆನ್ನು ಒಟ್ಟಿಗೆ ತಿರುಗುತ್ತಿದ್ದವು.

ಮುಂದಿನ ಭಾನುವಾರ ಮತ್ತೆ ಕವಿಕಾನ ಮನೆ, ಮಧ್ಯಾಹ್ನ ಮೂರಕ್ಕೆ. ಪುರಿತಾಳಿಗೆ ಹೇಳಿ ಕಳಿಸಿರಲಿಲ್ಲ. ಮಿಲ್ಟನ್‌ಗೆ ಸ್ನಾನ ಮಾಡಿಸಿ ಹೊರಡುವಾಗಲೇ ನನಗೆ ತಡವಾಗಿತ್ತು. ಮೈದಾನದ ಹತ್ತಿರ ಕಾರು ನಿಲ್ಲಿಸಿ ಬಿರಬಿರನೆ ನಡೆದು ಬಂದು ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟೆ. ಒಳಗಿನಿಂದ ಸದ್ದಿಲ್ಲ, ಪರದೆ ಎಳೆದಿದೆ. ಆರು ಜನ ಬಂದಾಗಿದೆ, ನಮ್ಮ ಜೊತೆ ಕೆಲಸ ಮಾಡುವ ಕವಿಕಾನ ಅಳಿಯ ಮಾತ್ರ ಬಂದಿಲ್ಲ, ಅಂದುಕೊಂಡು ಬಾಗಿಲಿಗೆ ಕೈ ಹಾಕಿದೆ.

ಕೈ ಅಲ್ಲೇ ನಿಂತಿತು. ಬಾಗಿಲು ತೆಗೆಯದೆ ನನಗೆ ಹೇಗೆ ಗೊತ್ತಾಯಿತು?

ಬಗ್ಗಿ ನೋಡಿದೆ. ಅಂಗಡಿಯಲ್ಲಿ ಎಲ್ಲರೂ ಅದೇ ಕಪ್ಪು ರಬ್ಬರ್ ಚಪ್ಪಲಿ ಹಾಕುವವರು. ಕೆಲಸದ ಹೊತ್ತಿಗೆ ಮಾತ್ರ ಬೂಟು ಹಾಕಿಕೊಂಡು ಚಪ್ಪಲಿಯನ್ನು ಬ್ರೇಕ್ ರೂಮಿನ ಬೆಂಚಿನ ಕೆಳಗೆ ಬಿಡುತ್ತೇವೆ. ಅದಲುಬದಲಾಗಬಾರದು ಅಂತ ಪ್ರತಿಯೊಬ್ಬರೂ ಗುರುತು ಮಾಡಿಕೊಂಡಿದ್ದೇವೆ. ಹಸಿರು ರಿಬ್ಬನ್ ಕಟ್ಟಿದ್ದು ವರ್ನಾಳದು. ಹಿಮ್ಮಡಿಗೆ ಬಿಳಿ ಬಣ್ಣ ಬಳಿದದ್ದು ಒಶಿತಾನದು. ನನ್ನದರ ಮೇಲೆ ದಪ್ಪ ಅಕ್ಷರದಲ್ಲಿ ನನ್ನ ಹೆಸರೇ ಇದೆ. ಕಾರು ಬಚ್ಚಿಟ್ಟು, ಫೋನು ಐಸಿಗೆ ಹಾಕಿ, ಕಿಟಕಿ ಮುಚ್ಚಿ, ಹಾಜರಿ ಪುಸ್ತಕವನ್ನು ರಸ್ತೆಗೆ ಕಾಣುವಂತೆ ಮೆಟ್ಟಿಲ ಮೇಲೆ ಸಾಲಾಗಿ ಬಿಟ್ಟು ಒಳಗೆ ಹೋಗಿದ್ದೆವು. ಚಪ್ಪಲಿ ಹಾಕಿಕೊಂಡು ಇನ್ನೊಬ್ಬರ ಮನೆಯೊಳಗೆ ಕಾಲಿಡುವುದು ನಮ್ಮ ಯಾರ ಕನಸಿಗೂ ಬರುವುದಿಲ್ಲವಲ್ಲ. ಮುಖ್ಯಭೂಮಿಯ ಮ್ಯಾನೇಜರನಿಗೆ ಅದು ಬರೀ ಚಪ್ಪಲಿಯ ರಾಶಿ. ಆ ಬೆಂಚಿನ ಕೆಳಗೆ ಹದಿನೈದು ವರ್ಷ ತನ್ನ ಚಪ್ಪಲಿಯನ್ನೂ ಬಿಟ್ಟವನಿಗೆ ಹಾಗಲ್ಲ. ಗ್ಲೆನ್‌ನ ಮನೆ ಇದೇ ರಸ್ತೆಯಲ್ಲಿ, ಇನ್ನೂ ಮೇಲೆ.

ಒಂಬತ್ತನೆಯವಳ ಚಪ್ಪಲಿ ಹೋದ ಭಾನುವಾರ ಇಲ್ಲಿರಲಿಲ್ಲ. ಅವಳು ಎರಡು ಕೈಯಲ್ಲಿ ಬಿಸಿ ಅನ್ನದ ಪಾತ್ರೆ ಹಿಡಿದುಕೊಂಡು ನಡೆಯಲಾರದೆ, ಮೊಮ್ಮಗಳ ಕಾರಿನಲ್ಲಿ ಹಿತ್ತಲಿಗೆ ಬಂದು ಇಳಿದು ಅಡುಗೆಮನೆಯ ಬಾಗಿಲಿನಿಂದ ಒಳಗೆ ಬಂದಿದ್ದಳು. ಚಪ್ಪಲಿ ಹಿಂದಿನ ಮೆಟ್ಟಿಲ ಮೇಲಿತ್ತು.

ನಾನು ಬಗ್ಗಿಕೊಂಡೇ ಇದ್ದೆ, ಬಿಳಿ ಪಿಕಪ್ ಒಂದು ರಸ್ತೆಯಲ್ಲಿ ನಿಧಾನವಾಗಿ ಬಂತು. ಗ್ಲೆನ್ ಕಿಟಕಿಯಿಂದ ಕೈಯೆತ್ತಿದ. ನಾನೂ ಎತ್ತಿದೆ. ರೂಢಿ, ಏನು ಮಾಡುವುದು.

ಒಳಗೆ ಹೋಗಿ, "ಎಲ್ರೂ ಮೊದ್ಲು ಚಪ್ಲಿ ಒಳಗೆ ತಗೊಳ್ಳಿ," ಅಂದೆ. ಯಾಕೆ ಅಂತ ವಿವರಿಸಿದೆ. ಒಶಿತಾ ಹಣೆ ಚಚ್ಚಿಕೊಂಡ. ಕವಿಕಾ ತನ್ನ ದೊಡ್ಡ ತಲೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಕ್ಕ. ಎಲ್ಲರ ನಗು ನಿಂತ ಮೇಲೆ ಮುಂದಿನ ಮಾತು ನಾನೇ ಆಡಬೇಕಾಗಿತ್ತು. ಆಡಲಿಲ್ಲ. ಬೇಗ ಬೇರೆ ವಿಷಯಕ್ಕೆ ಹೋಗೋಣ ಅಂತ ಕಾಗದ ಬಿಚ್ಚಿದೆ.

"ಅಂದ್ರೆ ಪುರಿತಾ ಆಂಟಿ ಅಲ್ಲ," ಅಂದ ಕವಿಕಾ.

ಯಾರೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೇ ಚೆನ್ನಾಗಿತ್ತು.

"ಬೇಕರಿಯ ಹನ್ನೊಂದು ವೋಟು ಪುರಿತಾ ಆಂಟಿ ಕೈಲಿದೆ," ಅಂದ ಅವನೇ ಮತ್ತೆ. "ಅರ್ಧ ಅಂಗ್ಡಿ ಒಳಗೆ, ಅರ್ಧ ಹೊರಗೆ ಅಂತಾದ್ರೆ ಕಂಪ್ನಿಯವ್ರು ಒಂದು ವಾರವೂ ಕಾಯ್ಬೇಕಾಗಿಲ್ಲ. ಯಾರಾದ್ರೂ ಹೋಗಿ ಮಾತಾಡ್ಬೇಕು."

"ಯಾರಾದ್ರೂ ಅಂತ ಯಾಕೆ ಸುತ್ತಿ ಬಳಸ್ತೀಯ? ನಾನೇ ಹೋಗ್ತೀನಿ," ಅಂದೆ. ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ಕೇಳಬೇಡಿ.

ಕೈಬೀಸಿಕೊಂಡು ಹೋಗುವ ಹಾಗಿಲ್ಲ. ನಮ್ಮ ಹಿತ್ತಲ ಆರು ಬೆಣ್ಣೆಹಣ್ಣು ಚೀಲಕ್ಕೆ ಹಾಕಿಕೊಂಡು ಬಿಸಿಲಿರುವಾಗಲೇ ಅವಳ ಮನೆಗೆ ಹೋದೆ. ಪುರಿತಾ ಜಾಲರಿ ಬಾಗಿಲಿನ ಆಚೆ ಬಂದು ನಿಂತಳು. ಬಾಗಿಲು ತೆಗೆಯಲಿಲ್ಲ. ಅವಳ ಮನೆಗೆ ಬಂದವರು ಮಾತು ಶುರು ಮಾಡುವ ಮೊದಲು ಕೈಯಲ್ಲಿ ತಟ್ಟೆ ಇರುತ್ತದೆ, ಅಂಚೆಯವನನ್ನೂ ಬಿಟ್ಟವಳಲ್ಲ. ಅವತ್ತು ನನ್ನನ್ನು ಕೂತ್ಕೋ ಅನ್ನಲಿಲ್ಲ.

ನಿಂತೇ ಹೇಳಿದೆ. ಚಪ್ಪಲಿ, ಹಿತ್ತಲು, ಪಿಕಪ್, ಎಲ್ಲ. ತಪ್ಪಾಯಿತು ಅಂತಲೂ ಹೇಳಿದೆ. ನಾನು ಆ ಮಾತನ್ನು ಹೆಚ್ಚು ಬಳಸಿದವಳಲ್ಲ, ಕೇಳುವುದಕ್ಕೆ ನನಗೇ ಹೊಸದಾಗಿತ್ತು.

"ನೀನು ಬಂದಿದ್ದು ತಪ್ಪೊಪ್ಪಿಕೊಳ್ಳೋಕಾ, ವೋಟು ಕೇಳೋಕಾ?" ಅಂದಳು.

"ಎರಡಕ್ಕೂ."

"ಸದ್ಯ, ಸುಳ್ಳು ಹೇಳ್ಲಿಲ್ಲ." ಜಾಲರಿ ಬಾಗಿಲಿನ ಚಿಲಕದ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ. "ನಮ್ಮ ಬೇಕರಿ ಹೆಂಗಸ್ರು ಏನಂತಾರೆ ಗೊತ್ತಾ? ಸುದ್ದಿ ಕೊಟ್ಟಿದ್ದು ಡೊರೀನೇ ಅಂತಾರೆ."

"ನಾನಾ? ನಂಗೂ ಹತ್ತೊಂಬತ್ತೇ ಬಿದ್ದಿರೋದು ಕಣೇ!"

"ಅದೇ. ಯಾರಿಗೂ ಗುಮಾನಿ ಬರ್ಬಾರ್ದು ಅಂತ ಬೇಕಂತ್ಲೇ ಹಾಕಿಸ್ಕೊಂಡಿದಾಳೆ ಅಂತ. ಮೊದ್ಲು ಬೆರಳು ತೋರ್ಸಿದ್ದು ಯಾರು? ಕಳ್ಳರು ತಾನೇ ಮೊದ್ಲು ಕೂಗೋದು."

"ನೀನೂ ನಂಬಿದ್ಯಾ?"

"ನಿನ್ನೆ ರಾತ್ರಿವರೆಗೂ ನಂಬಿದ್ದೆ," ಅಂದಳು ಪುರಿತಾ, ನಾಚಿಕೆಯಿಲ್ಲದೆ. "ಆಮೇಲೆ ಮಿಲ್ಟನ್ ನೆನಪಾದ. ಅವನ ಮೇಲೆ ಪಣ ಇಟ್ಟು ಆಡೋಳಲ್ಲ ನೀನು ಅಂತ ಬಿಟ್ಟೆ."

ಆಮೇಲೆ ತಾನಾಗಿಯೇ ಇನ್ನೊಂದು ಹೇಳಿದಳು. ಗ್ಲೆನ್ ಹಿಂದಿನ ದಿನ ಹೆಂಡತಿಯ ಜೊತೆ ಬಂದು ಒಂದು ಕಾಗದ ಕೊಟ್ಟುಹೋಗಿದ್ದನಂತೆ. ಪೂರ್ಣಾವಧಿ ಕೆಲಸ, ವಾರಕ್ಕೆ ನಲವತ್ತು ಗಂಟೆ, ಮಂಗಳವಾರ ಸಹಿ ಮಾಡಬೇಕು. ನಿಮ್ಮನ್ನು ಅವರ್ಯಾರೂ ಮನುಷ್ಯರ ಥರ ನೋಡ್ತಿಲ್ಲವಲ್ಲ ಆಂಟಿ ಅಂದನಂತೆ.

"ಮಾಡ್ತೀಯಾ ಸಹಿ?"

"ಅದನ್ನ ಕೇಳೋ ಹಕ್ಕು ಶುಕ್ರವಾರ ಕಳ್ಕೊಂಡೆ ನೀನು." ಒಳಗೆ ಹೋಗುತ್ತಾ ತಿರುಗಿ ಹೇಳಿದಳು, "ಶನಿವಾರ ವೋಟಿಗೆ ಬರ್ತೀನಿ. ನಿನಗೋಸ್ಕರ ಅಲ್ಲ. ನಮ್ಮ ಹುಡುಗೀರಲ್ಲಿ ಒಂಬತ್ತು ಜನಕ್ಕೆ ಇಪ್ಪತ್ತೊಂದು ಗಂಟೆ ಇದೆ. ಗ್ಲೆನ್ ಪೆನ್ನು ಒಂಚೂರು ಜಾರಿದ್ರೆ ಸಾಕು." ಬೆಣ್ಣೆಹಣ್ಣಿನ ಚೀಲವನ್ನು ಮೆಟ್ಟಿಲ ಮೇಲೆ ಇಟ್ಟು ಬಂದೆ. ಅದನ್ನು ಒಳಗೆ ತೆಗೆದುಕೊಂಡಳೋ ಇಲ್ಲವೋ ಗೊತ್ತಿಲ್ಲ.

ಮಂಗಳವಾರ ಅವಳು ಸಹಿ ಮಾಡಿದಳು ಅಂತ ಅಂಗಡಿಯಲ್ಲಿ ಸುದ್ದಿ ಹಬ್ಬಿತು. ಗ್ಲೆನೇ ಹಬ್ಬಿಸಿದ್ದು ಅಂತ ನನಗನ್ನಿಸಿತು. ಆದರೂ ನಿಜವಿದ್ದರೆ ಅಂತಲೂ ಅನ್ನಿಸಿತು. ನನ್ನ ಸ್ವಭಾವ ಒಂದು ಭಾನುವಾರದಲ್ಲಿ ಬದಲಾಗುವಂಥದ್ದಲ್ಲ. ಪುರಿತಾಳನ್ನು ಕೇಳುವ ಹಕ್ಕು ನನಗಿರಲಿಲ್ಲ, ಉಳಿದವರಿಗೆ ಧೈರ್ಯವಿರಲಿಲ್ಲ. ಗುರುವಾರದ ಪಟ್ಟಿಯಲ್ಲಿ ನನಗೆ ಮತ್ತೆ ಹತ್ತೊಂಬತ್ತು. ಎರಡನೆಯ ವಾರ.

ಶುಕ್ರವಾರ ಬೆಳಿಗ್ಗೆ ಎಲ್ಲರ ಮನೆಗೂ ಕಂಪನಿಯ ಕಾಗದ ಬಂತು. ಮುಷ್ಕರ ಹೂಡಿದವರ ಆರೋಗ್ಯ ವಿಮೆ ತಿಂಗಳ ಕೊನೆಗೆ ನಿಲ್ಲುತ್ತದೆ. ಮಿಲ್ಟನ್ ಎಡಗೈಯಲ್ಲಿ ಕಾಗದ ಎತ್ತಿಕೊಂಡು ನೋಡಿದ. ಓದಲು ಅವನಿಗೆ ಬರುತ್ತದೆ, ಅದು ಹೋಗಿಲ್ಲ. ಮಡಿಸಿ ಮೇಜಿನ ಮೇಲಿಟ್ಟು ನನ್ನ ಮುಖ ನೋಡಿದ. ಅವನ ಅರವತ್ತು ಪದಗಳಲ್ಲಿ ಇದಕ್ಕೆ ಬೇಕಾದದ್ದು ಒಂದೂ ಇರಲಿಲ್ಲ.

ಅವತ್ತು ಮಧ್ಯಾಹ್ನ ಗ್ಲೆನ್ ಒಂದು ಡಬ್ಬಿ ಹಾಲು ಹಿಡಿದುಕೊಂಡು ನನ್ನ ಕೌಂಟರಿಗೇ ಬಂದ. ಪಕ್ಕದ ಎರಡು ಕೌಂಟರು ಖಾಲಿ ಇದ್ದವು.

"ಅಂಕಲ್ ಹೇಗಿದಾರೆ ಆಂಟಿ? ಮಾತು ಸುಧಾರಿಸ್ತಾ?"

"ಸುಧಾರಿಸ್ತಾ ಇದೆ. ನಿನ್ನ ದಯೆ."

"ಛೆ, ಹಾಗನ್ಬೇಡಿ. ಪಟ್ಟಿ ಮಾಡೋನು ನಾನು ನಿಜ. ಮಾಡು ಅನ್ನೋರು ಬೇರೆ ಇದಾರೆ." ದನಿ ತಗ್ಗಿಸಿದ. "ಮುಷ್ಕರ ಆಗ್ಲಿಲ್ಲ ಅಂದ್ರೆ ಸೋಮವಾರ ನಿಮ್ಮ ಇಪ್ಪತ್ತೆಂಟು ವಾಪಸ್. ನಂಗೂ ಹಿಂಸೆ ಇದು. ಚೀಟಿ ಗುಟ್ಟಾಗಿರುತ್ತಲ್ಲ ಆಂಟಿ, ಯಾರು ಏನು ಹಾಕಿದ್ರು ಅಂತ ಯಾರಿಗೆ ಗೊತ್ತಾಗುತ್ತೆ?"

"ಚೀಲ ಬೇಕಾ?" ಅಂದೆ. ಬೇಡ ಅಂದು ಹೋದ.

ಈ ಮಾತನ್ನು ನಾನು ಕವಿಕಾಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಇದೇ ಮಾತು ಪುರಿತಾಳ ಜೊತೆ ನಡೆದು, ಅವಳು ಬಾಯಿ ಮುಚ್ಚಿಕೊಂಡಿದ್ದರೆ, ನಾನು ಅಂಗಡಿಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದೆ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಪಾರ್ಕಿನ ಪಕ್ಕದ ಸಭಾಂಗಣದಲ್ಲಿ ವೋಟು. ನಲವತ್ತೇಳು ಜನವೂ ಬಂದರು, ಬೇಕರಿಯ ಹನ್ನೊಂದು ಹೆಂಗಸರು ಪುರಿತಾಳ ಹಿಂದೆ ಸಾಲಾಗಿ ಬಂದು ಎಡಗಡೆಯ ಕುರ್ಚಿಗಳಲ್ಲಿ ಕುಳಿತರು. ಅವಳ ಇನ್ನೊಂದು ಪಕ್ಕದ ಕುರ್ಚಿಗೆ ಬೇರೆ ಯಾರೂ ಬರಲಿಲ್ಲ. ಹೊನೊಲುಲುವಿನಿಂದ ಬಂದಿದ್ದ ಯೂನಿಯನ್ನಿನ ಹೆಣ್ಣುಮಗಳು ಮಾತುಕತೆ ಎಲ್ಲಿಗೆ ಬಂದು ನಿಂತಿದೆ ಅಂತ ಹೇಳಿದಳು. ಚಪ್ಪಲಿಯ ಕತೆಯನ್ನು ಕಂಪನಿಯ ಮೇಲಿನ ದೂರಿಗೆ ಸೇರಿಸಿದ್ದೇನೆ, ಆದರೆ ತೀರ್ಪಿಗೆ ತಿಂಗಳುಗಳೇ ಬೇಕು ಅಂದಳು. ಬೇಕು ಅನ್ನುವವರಿಗೆ ಬಹುಮತ ಬಂದರೆ ಸೋಮವಾರ ಬೆಳಿಗ್ಗೆಯಿಂದ ಮುಷ್ಕರ. ಒಬ್ಬೊಬ್ಬರೇ ಹೋಗಿ ರಟ್ಟಿನ ಮರೆಯ ಹಿಂದೆ ಚೀಟಿಗೆ ಗುರುತು ಹಾಕಿ ಪೆಟ್ಟಿಗೆಗೆ ಹಾಕಬೇಕು. ಬೇಕು, ಬೇಡ, ಎರಡೇ ಮನೆ.

ಬೇಕು ಅಂತ ಹಾಕುವುದಕ್ಕೇ ನಾನು ಹೋದದ್ದು. ರಟ್ಟಿನ ಹಿಂದೆ ಪೆನ್ಸಿಲ್ ಹಿಡಿದು ನಿಂತಾಗ, ಕಾಗದ ಮಡಿಸಿಟ್ಟು ನನ್ನನ್ನೇ ನೋಡುತ್ತಿದ್ದ ಮಿಲ್ಟನ್ ಕಂಡ. ನನ್ನೊಬ್ಬಳ ಚೀಟಿಯಿಂದ ಏನಾಗುತ್ತದೆ? ಹೇಗೂ ನಮ್ಮವರೇ ಗೆಲ್ಲುತ್ತಾರೆ. ಇನ್ನೂ ಏಳೆಂಟು ಜನ ಹೆದರಿ ಬೇಡ ಅನ್ನುತ್ತಾರೆ, ಅದರಲ್ಲಿ ನನ್ನದೂ ಒಂದು ಸೇರಿಹೋಗುತ್ತದೆ. ನಾಳೆ ಆ ಪಾಠ ನಿಂತರೆ, ನಾನು ಕೈಯಾರೆ ನಿಲ್ಲಿಸಲಿಲ್ಲ ಅಂತಾದರೂ ನನಗಿರಲಿ. ಹೀಗೆಲ್ಲ ಲೆಕ್ಕ ಹಾಕುವಾಗಲೇ ಕೈ ಬೇಡದ ಮನೆಯಲ್ಲಿ ಗುರುತು ಹಾಕಿಬಿಟ್ಟಿತು. ಮಡಿಸಿ ಪೆಟ್ಟಿಗೆಗೆ ಹಾಕಿದೆ. ವಾಪಸು ಬರುವಾಗ ಕವಿಕಾ ನನ್ನ ಬೆನ್ನು ತಟ್ಟಿದ.

ಯೂನಿಯನ್ನಿನವಳು ಚೀಟಿ ಬಿಚ್ಚಿ ಒಂದೊಂದನ್ನೇ ಗಟ್ಟಿಯಾಗಿ ಓದಿದಳು. ಬೇಕು. ಬೇಕು. ಬೇಕು. ಹತ್ತರ ತನಕ ನನಗೆ ಹೆಮ್ಮೆಯಾಯಿತು. ಇಪ್ಪತ್ತಕ್ಕೆ ಬಂದಾಗ ಬೆರಳು ಮಡಿಸಿ ಎಣಿಸತೊಡಗಿದೆ. ಮೂವತ್ತಾದ ಮೇಲೆ, ಯಾರಾದರೂ ಒಬ್ಬರು, ದೇವರೇ, ಇನ್ನೊಬ್ಬರಾದರೂ ಬೇಡ ಅಂದಿರಲಿ ಅಂತ ಬೇಡಿಕೊಂಡೆ. ಮೂವತ್ತೆಂಟನೆಯ ಚೀಟಿ ಬಿಚ್ಚಿ, "ಬೇಡ," ಅಂದಳು. ಅದು ನನ್ನದು. ಆಮೇಲೆ ಉಳಿದವೆಲ್ಲ ಬೇಕು.

"ಬೇಕು ನಲವತ್ತಾರು, ಬೇಡ ಒಂದು."

ಚಪ್ಪಾಳೆಯಾಯಿತು, ಕವಿಕಾ ಕುರ್ಚಿ ಎತ್ತಿ ಕುಣಿಸಿದ. ಆದರೆ ಚಪ್ಪಾಳೆ ನಿಲ್ಲುವ ಮೊದಲೇ ತಲೆಗಳು ಎಡಗಡೆಗೆ ತಿರುಗತೊಡಗಿದವು. "ನಲವತ್ತು ಗಂಟೆ ಸಿಕ್ಕಿದೆಯಲ್ಲ, ಆ ಒಂದು ಯಾರದ್ದು ಅಂತ ಬೇರೆ ಕೇಳ್ಬೇಕಾ," ಅಂತ ನನ್ನ ಹಿಂದೆ ಒಶಿತಾ ವರ್ನಾಳಿಗೆ ಹೇಳಿದ. ಪಿಸುಮಾತೇ, ಆದರೆ ಇಡೀ ಸಭೆಗೆ ಕೇಳಿಸಿತು. ಪುರಿತಾ ಮುಂದಕ್ಕೆ ನೋಡುತ್ತಾ ನೆಟ್ಟಗೆ ಕುಳಿತಿದ್ದಳು. ಅವಳ ಕಿವಿಗಳು ಮಾತ್ರ ಕೆಂಪಗಾಗಿದ್ದವು. ಹತ್ತೊಂಬತ್ತು ವರ್ಷದಲ್ಲಿ ಅವಳನ್ನು ಅಷ್ಟು ಒಂಟಿಯಾಗಿ ನಾನು ನೋಡಿರಲಿಲ್ಲ, ಹಾಗೆ ಕೂರಿಸಿದ್ದು ನಾನು. ಸುಮ್ಮನಿದ್ದರೆ ಅದು ಅವಳ ಲೆಕ್ಕಕ್ಕೇ ಹೋಗುತ್ತಿತ್ತು. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ.

ಎದ್ದು ನಿಂತೆ.

"ಆ ಕಡೆ ಏನು ನೋಡ್ತೀರಾ? ಅದು ನಂದು," ಅಂದೆ. "ಬೇಡ ಅಂತ ಹಾಕಿದ್ದು ನಾನು."

ಕವಿಕಾ ಎತ್ತಿದ್ದ ಕುರ್ಚಿಯನ್ನು ನಿಧಾನವಾಗಿ ಕೆಳಗಿಟ್ಟ. "ತಮಾಷೆ ಮಾಡ್ಬೇಡಿ ಆಂಟಿ."

"ಹೆದರ್ಕೊಂಡೆ ಕಣೋ. ಮಿಲ್ಟನ್ ವಿಮೆ ಹೋಗುತ್ತೆ ಅಂತ. ನಿನ್ನೆ ಗ್ಲೆನ್ ಬಂದು ಗಂಟೆ ವಾಪಸ್ ಕೊಡ್ತೀನಿ ಅಂದ, ಅದನ್ನೂ ನಿಮ್ಗೆ ಹೇಳ್ಲಿಲ್ಲ. ಇಲ್ಲೀ ತನಕ ಯಾರ್ಯಾರ ಮೇಲೆ ಏನೇನು ಹೇಳಿದೀನೋ ಅದೆಲ್ಲ ನಂಗೇ ಅನ್ನಿ ಈಗ."

ಯಾರೂ ಅನ್ನಲಿಲ್ಲ. ಅಂದಿದ್ದರೆ ಕೂರಬಹುದಿತ್ತು. ಪುರಿತಾಳ ಕುರ್ಚಿ ಸದ್ದು ಮಾಡಿತು. ಅವಳು ಎದ್ದು ನನ್ನ ಕಡೆ ತಿರುಗಿದಳು.

"ಮಂಗಳವಾರ ಆ ಕಾಗದ ಹರಿದು ಅವನ ಕೈಗೇ ಕೊಟ್ಟೆ," ಅಂದಳು, ಎಲ್ಲರಿಗೂ ಕೇಳುವ ಹಾಗೆ. "ಒಬ್ರೂ ಬಂದು ಕೇಳ್ಲಿಲ್ಲ ನೀವು." ಆಮೇಲೆ ನನಗೆ, "ಚೀಟಿ ಕತೆ ಮುಗೀತು. ಸೋಮವಾರ ಗೇಟಿನ ಮುಂದೆ ನಿಲ್ತೀಯೋ, ಒಳಗೆ ಹೋಗ್ತೀಯೋ?"

"ನಿಲ್ತೀನಿ."

"ನಿನ್ನ ಮಾತು ನಂಬಲ್ಲ ನಾನು."

"ನಂಬಬೇಡ."

"ಮೊದಲ್ನೇ ಪಾಳಿ ನಂದು, ಬೆಳಿಗ್ಗೆ ಐದಕ್ಕೆ. ನನ್ನ ಪಕ್ಕದಲ್ಲೇ ನಿಲ್ಬೇಕು ನೀನು, ನನ್ನ ಕಣ್ಣಿಗೆ ಕಾಣೋ ಹಾಗೆ. ಅತ್ಲಾಗೆ ಇತ್ಲಾಗೆ ಹೋಗೋ ಹಾಗಿಲ್ಲ."

ಸೋಮವಾರ ಐದಕ್ಕೆ ಇಪ್ಪತ್ತು ನಿಮಿಷ ಇರುವಾಗಲೇ ನಾನು ಗೇಟಿನ ಹತ್ತಿರ ಹೋದೆ. ಅವಳು ಆಗಲೇ ಬಂದು ಮುಷ್ಕರದ ಎರಡು ಫಲಕ ಹಿಡಿದುಕೊಂಡು, ನಾನು ಬರುತ್ತೇನೋ ಇಲ್ಲವೋ ಅಂತ ರಸ್ತೆಯನ್ನೇ ನೋಡುತ್ತಾ ನಿಂತಿದ್ದಳು.